ಸೀಸದಲ್ಲಿ ಎರೆದ ಕೈಬರಹ

ಮೊನ್ನೆ ಅಂಚೆಯಲ್ಲಿ ಬಂದ ಲಗ್ನಪತ್ರಿಕೆಯೊಂದು ನನ್ನನ್ನು ಕಾಲು ಗಂಟೆಯ ಮಟ್ಟಿಗೆ ಮೋಸಗೊಳಿಸಿತು. ಬಾಲ್ಯದ ಗೆಳೆಯನ ಮಗನ ಮದುವೆ. ಒಳಪುಟದಲ್ಲಿ ಎಂದಿನ ಅಚ್ಚಿನ ಒಕ್ಕಣೆ. ಅದರ ಕೆಳಗೆ ನೀಲಿ ಬಣ್ಣದಲ್ಲಿ, ತುಸು ಓರೆಯಾಗಿ, ಅವಸರದ ಕೈಯಿಂದ ಬರೆದಂತೆ ನಾಲ್ಕು ಸಾಲು. ‘ನನ್ನ ಮಗನ ಮದುವೆಗೆ ತಪ್ಪದೆ ಬಾ’ ಎಂದು ಮೊದಲಾಗುವ ಆ ಸಾಲುಗಳನ್ನು ಓದಿ ನನ್ನ ಮನಸ್ಸು ಕರಗಿತು. ಮೂವತ್ತು ವರ್ಷದಿಂದ ಕಾಗದ ಬರೆಯದವನು ನನಗಾಗಿ ಲೇಖನಿ ಹಿಡಿದನಲ್ಲ ಎಂದು ಮನೆಯವಳಿಗೂ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, ‘ಮೂರು ನಕಾರವೂ ಒಂದೇ ಥರ ಇವೆಯಲ್ಲ’ ಎಂದಳು.

ಹೌದು, ‘ನನ್ನ ಮಗನ’ ಎಂಬ ಎರಡು ಮಾತುಗಳಲ್ಲಿ ಬರುವ ಮೂರು ನಕಾರಗಳಿಗೂ ಒಂದೇ ಕೊಂಕು, ಒಂದೇ ತಲೆಕಟ್ಟು, ಒಂದೇ ಕಡೆ ಶಾಯಿ ತೆಳುವಾದ ಗುರುತು. ಮನುಷ್ಯನ ಕೈ ಒಂದೇ ಅಕ್ಷರವನ್ನು ಎರಡು ಸಲ ಒಂದೇ ರೀತಿ ಬರೆಯಲಾರದು. ಅದು ಕೈಬರಹವಲ್ಲ, ಕೈಬರಹದ ವೇಷ ತೊಟ್ಟ ಅಚ್ಚಿನ ಅಕ್ಷರ. ಗೆಳೆಯನ ಮೇಲೆ ಸಿಟ್ಟು ಬಂದಿತೆಂದು ಹೇಳಲಾರೆ. ಆದರೆ ಈ ವೇಷ ಮೊದಲು ಯಾರು ತೊಡಿಸಿದರು, ಏಕೆ ತೊಡಿಸಿದರು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕ ಕಥೆ ವಾಚಕರಿಗೂ ರುಚಿಸೀತೆಂದು ಇಲ್ಲಿ ಹೇಳುತ್ತಿದ್ದೇನೆ.

ನಿಜ ನೋಡಿದರೆ ಅಚ್ಚಿನ ಅಕ್ಷರ ಹುಟ್ಟಿದ್ದೇ ಕೈಬರಹದ ಅನುಕರಣೆಯಾಗಿ. ಜರ್ಮನಿಯ ಗುಟೆನ್‌ಬರ್ಗ್ ೧೪೫೫ರ ಸುಮಾರಿಗೆ ಬೈಬಲ್ಲನ್ನು ಅಚ್ಚು ಹಾಕಿದಾಗ, ಅವನ ಕಣ್ಣ ಮುಂದಿದ್ದ ಮಾದರಿ ಪಾದ್ರಿಗಳು ಬರೆಯುತ್ತಿದ್ದ ಹಸ್ತಪ್ರತಿ. ಲ್ಯಾಟಿನ್ ಲಿಪಿಗೆ ಇಪ್ಪತ್ತಾರಕ್ಕಿಂತ ಕಡಿಮೆ ಅಕ್ಷರಗಳು ಸಾಕಾಗಿದ್ದರೂ ಅವನು ಸುಮಾರು ೨೯೦ ಬಗೆಯ ಮೊಳೆಗಳನ್ನು ಮಾಡಿಸಿದ. ದೊಡ್ಡಕ್ಷರ, ಚಿಕ್ಕಕ್ಷರ, ಕೂಡಕ್ಷರ, ಹ್ರಸ್ವಚಿಹ್ನೆಗಳ ಜೊತೆಗೆ ಒಂದೇ ಅಕ್ಷರಕ್ಕೆ ತುಸು ಅಗಲದ್ದು, ತುಸು ಕಿರಿದು ಎಂದು ಬೇರೆ ಬೇರೆ ರೂಪಗಳೂ ಅದರಲ್ಲಿದ್ದವು. ಬರೆಯುವವನ ಕೈ ಸಾಲಿನ ಕೊನೆಗೆ ಬಂದಾಗ ಅಕ್ಷರವನ್ನು ಹೇಗೆ ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತದೆಯೋ ಹಾಗೆ ಸೀಸವೂ ಹೊಂದಿಕೊಳ್ಳಬೇಕೆಂಬುದು ಅವನ ಹಂಬಲವಾಗಿತ್ತು.

ಅನಂತರ ವೆನಿಸ್ಸಿನ ಪ್ರಕಾಶಕ ಆಲ್ಡಸ್ ಮನೂಶಿಯಸ್ ೧೫೦೧ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಅಂಗೈ ಅಗಲದ ಪುಸ್ತಕವಾಗಿ ತಂದ. ಅದರಲ್ಲಿ ಆಗಿನ ವಿದ್ವಾಂಸರ ಓಟದ ಬರಹವನ್ನು ಹೋಲುವ ಓರೆಯಕ್ಷರಗಳಿದ್ದವು. ಅವನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಇಂದು ನಾವು ‘ಇಟಾಲಿಕ್’ ಎನ್ನುವುದರ ಮೂಲಪುರುಷ ಅದೇ. ಅದು ಪೆಟ್ರಾರ್ಕ್ ಕವಿಯ ಸ್ವಂತ ಬರಹದ ನಕಲೆಂಬ ಕಥೆಯೊಂದು ಬಹುಕಾಲ ಓಡಾಡಿತು. ಅದು ಬರಿಯ ಕಟ್ಟುಕಥೆ. ಆದರೂ ಆ ಕಥೆ ಹುಟ್ಟಿದ್ದೇ ಒಂದು ಸಾಕ್ಷಿ. ಬರಹದಂತಿರುವ ಅಕ್ಷರ ಕಂಡ ಕೂಡಲೇ ‘ಇದು ಯಾರ ಕೈ?’ ಎಂದು ಕೇಳುವುದು ಮನುಷ್ಯಸ್ವಭಾವ.

ಇಟಲಿಗೆ ಅದರದೇ ಅಕ್ಷರವಿದ್ದ ಮೇಲೆ ಫ್ರಾನ್ಸಿಗೆ ಬೇಡವೆ? ೧೫೫೭ರಲ್ಲಿ ಲಿಯೋನ್ ನಗರದಲ್ಲಿ ರಾಬರ್ಟ್ ಗ್ರಾಂಜೋನ್ ಎಂಬ ಕುಶಲಿ ಫ್ರೆಂಚರ ದಿನಬಳಕೆಯ ಗುಮಾಸ್ತೆ ಬರಹವನ್ನೇ ಉಕ್ಕಿನಲ್ಲಿ ಕೊರೆದು ಎರಕ ಹೊಯ್ಯಿಸಿದ. ಮಕ್ಕಳಿಗೆ ಸಭ್ಯತೆ ಕಲಿಸುವ ಪುಸ್ತಕಗಳು ಅದರಲ್ಲಿ ಅಚ್ಚಾಗತೊಡಗಿದವು; ‘ಸಭ್ಯತೆ’ ಎಂಬರ್ಥದ ‘ಸಿವಿಲಿತೆ’ ಎಂಬ ಹೆಸರೇ ಆ ಅಕ್ಷರಕ್ಕೆ ನಿಂತಿತು. ನೋಡಲು ಸೊಗಸು, ಓದಲು ತೊಡಕು, ಜೋಡಿಸಲು ಇನ್ನೂ ತೊಡಕು. ಕಾಲಕ್ರಮದಲ್ಲಿ ಅದು ಬಳಕೆಯಿಂದ ಜಾರಿತು. ಮುಂದೆ ೧೮೦೬ರ ಸುಮಾರಿಗೆ ಪ್ಯಾರಿಸ್ಸಿನ ಫರ್ಮಾಂ ದಿದೊ ಎಂಬವನು ಬಾಗಿದ ಬರಹಕ್ಕಾಗಿ ಮೊಳೆಯ ಒಡಲನ್ನೇ ಓರೆಯಾಗಿ ಎರೆಯಿಸಿ, ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಮಾಡಿದ. ಎಳೆ ಮುರಿಯದ ಸುಂದರ ಬರಹ ಅದು. ಆದರೆ ಅದು ಬಿಳಿ ಕೈಗವಸು ತೊಟ್ಟ ಬರಹ. ನೀವು ನಾವು ಹಾಲಿನ ಲೆಕ್ಕ ಗೀಚುವ ಬರಹವಲ್ಲ.

ಹಾಲಿನ ಲೆಕ್ಕದ ಬರಹ ಸೀಸಕ್ಕೆ ಇಳಿಯಬೇಕಾದರೆ ಇಪ್ಪತ್ತನೆಯ ಶತಮಾನವೂ ಅದರ ಜಾಹೀರಾತೂ ಬರಬೇಕಾಯಿತು. ಅಂಗಡಿಯವನು ಗಿರಾಕಿಯನ್ನು ‘ಬನ್ನಿ ಕೂತುಕೊಳ್ಳಿ’ ಎಂದು ಕರೆಯುವ ಸಲಿಗೆ ಗ್ರಂಥದ ಅಕ್ಷರಕ್ಕೆ ಎಲ್ಲಿ ಬರಬೇಕು? ದೊಡ್ಡ ಕಂಪೆನಿಗಳು ಚಿತ್ರಕಾರರಿಗೆ ಹಣ ಕೊಟ್ಟು ಕುಂಚದಲ್ಲಿ ಬರೆಸಿಕೊಳ್ಳುತ್ತಿದ್ದವು. ಸಣ್ಣ ಊರಿನ ಅಚ್ಚುಕೂಟದವನಿಗೆ ಆ ಅನುಕೂಲವಿರಲಿಲ್ಲ. ಅಂಥವನಿಗಾಗಿಯೇ ಅಮೆರಿಕದಲ್ಲಿ ೧೯೪೨ರಲ್ಲಿ ರಾಬರ್ಟ್ ಸ್ಮಿತ್ ‘ಬ್ರಶ್ ಸ್ಕ್ರಿಪ್ಟ್’ ಎಂಬ ಕುಂಚದ ಅಕ್ಷರವನ್ನು ರೂಪಿಸಿದ. ಆದರೆ ಈ ಬಗೆಯಲ್ಲಿ ಎಲ್ಲಕ್ಕಿಂತ ಧೈರ್ಯದ ಕೆಲಸ ನಡೆದದ್ದು ಫ್ರಾನ್ಸಿನ ದಕ್ಷಿಣ ತೀರದ ಮಾರ್ಸೇ ಎಂಬ ಬಂದರಿನಲ್ಲಿ.

ಅಲ್ಲಿ ‘ಫಾಂಡ್ರಿ ಒಲಿವ್’ ಎಂಬ ಎರಕದ ಮನೆಯಿತ್ತು. ಫ್ರಾನ್ಸಿನಲ್ಲಿ ಎಲ್ಲ ಹೆಸರೂ ಪ್ಯಾರಿಸ್ಸಿನದು. ಅಕ್ಷರಗಳ ವ್ಯಾಪಾರದಲ್ಲಿ ಪ್ಯಾರಿಸ್ಸಿನ ‘ದೆಬೆರ್ನಿ ಮತ್ತು ಪೇನ್ಯೊ’ ಸಂಸ್ಥೆಯದು ದೊಡ್ಡ ಕೈ. ಪ್ರಾಂತದ ಊರಿನ ಎರಕದ ಮನೆಯೊಂದು ಅದರೆದುರು ಬಾಳಬೇಕಾದರೆ ಅದು ಮಾಡದ್ದನ್ನು ಮಾಡಬೇಕಿತ್ತು. ಮಾರ್ಸೆಲ್ ಒಲಿವ್ ಅದರ ಯಜಮಾನ. ಅವನಿಗೂ ರೋಜೆ ಎಕ್ಸ್‌ಕೊಫೋನ್ ಎಂಬವನಿಗೂ ಭಾವ–ಭಾವಮೈದುನ ಸಂಬಂಧ. ಎಕ್ಸ್‌ಕೊಫೋನ್ ೧೯೧೦ರಲ್ಲಿ ಮಾರ್ಸೇಯಲ್ಲೇ ಹುಟ್ಟಿದವನು. ಕಾನೂನು ಓದಲು ಕಳಿಸಿದರೆ ಅದನ್ನು ಬಿಟ್ಟು ಚಿತ್ರ ಬರೆಯಲು ಪ್ಯಾರಿಸ್ಸಿಗೆ ಹೋದ. ಅಂಥ ಹುಡುಗರು ನಮ್ಮ ಮನೆಗಳಲ್ಲೂ ಇದ್ದಾರೆ. ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಈ ಹುಡುಗನ ಕುಂಚ ಮುಂದೆ ಭಾವಂದಿರ ಕಾರಖಾನೆಯನ್ನು ಎತ್ತಿ ನಿಲ್ಲಿಸಿತು.

ಯುದ್ಧ ಮುಗಿದಿತ್ತು. ಮುರಿದ ಊರುಗಳು ಮತ್ತೆ ಎದ್ದು ನಿಲ್ಲುತ್ತಿದ್ದವು. ಅಂಗಡಿಗಳು ಹೊಸ ಬಣ್ಣ ಹಚ್ಚಿಕೊಳ್ಳುತ್ತಿದ್ದವು. ೧೯೫೧ರಲ್ಲಿ ಎಕ್ಸ್‌ಕೊಫೋನ್ ‘ಬ್ಯಾಂಕೊ’ ಎಂಬ ದಪ್ಪಕ್ಷರ ಕೊಟ್ಟ; ತಗಡು ಕತ್ತರಿಸಿ ನಿಲ್ಲಿಸಿದಂಥ ಅಕ್ಷರ. ಎರಡೇ ವರ್ಷದಲ್ಲಿ, ೧೯೫೩ರಲ್ಲಿ, ತನ್ನದೇ ಕೈಬರಹವನ್ನು ಆಧಾರವಾಗಿಟ್ಟುಕೊಂಡು ‘ಮಿಸ್ತ್ರಾಲ್’ ತಂದ. ಮಿಸ್ತ್ರಾಲ್ ಎಂದರೆ ರೋನ್ ನದಿಯ ಕಣಿವೆಯಲ್ಲಿ ಉತ್ತರದಿಂದ ನುಗ್ಗಿ ಮಾರ್ಸೇಯ ಬೀದಿಗಳನ್ನು ಗುಡಿಸುವ ಚಳಿಗಾಳಿಯ ಹೆಸರು. ಪ್ರೊವಾನ್ಸ್ ನಾಡಿನ ಆಡುನುಡಿಯಲ್ಲಿ ಕಾವ್ಯ ಬರೆದು ೧೯೦೪ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡ ಕವಿ ಫ್ರೆಡೆರಿಕ್ ಮಿಸ್ತ್ರಾಲನ ಮನೆತನದ ಹೆಸರೂ ಅದೇ. ದಕ್ಷಿಣದವರ ಕಿವಿಗೆ ಆ ಶಬ್ದ ಬರಿಯ ಹೆಸರಲ್ಲ, ತವರು.

ಈ ಅಕ್ಷರದ ಜಾಣ್ಮೆ ತಿಳಿಯಬೇಕಾದರೆ ಮೊಳೆ ಎಂಬುದನ್ನು ಒಮ್ಮೆ ನೆನೆಯಬೇಕು. ಸೀಸದ ಚಿಕ್ಕ ಚೌಕಕಂಬದ ತಲೆಯ ಮೇಲೆ ಉಬ್ಬಿ ನಿಂತ ಅಕ್ಷರ ಅದು. ಮೊಳೆಗಳು ಸಾಲಿನಲ್ಲಿ ನಿಂತ ಸಿಪಾಯಿಗಳಂತೆ. ಒಬ್ಬನ ಮೈ ಇನ್ನೊಬ್ಬನಿಗೆ ತಾಗಿದರೂ ಕೈ ಕೈ ಹಿಡಿಯುವುದಿಲ್ಲ. ಓಟದ ಬರಹವಾದರೋ ಶಾಲೆಯಿಂದ ಮನೆಗೆ ಹೊರಟ ಮಕ್ಕಳ ಸಾಲು. ಕೈ ಬಿಡುವುದೇ ಇಲ್ಲ. ಇಂಗ್ಲಿಷ್ ಲಿಪಿಯ ೨೬ ಚಿಕ್ಕಕ್ಷರಗಳಲ್ಲಿ ಯಾವುದರ ಪಕ್ಕಕ್ಕೆ ಯಾವುದಾದರೂ ಬರಬಹುದು. ಹಾಗಾದರೆ ೬೭೬ ಜೋಡಿಗಳಾದವು. ಅಷ್ಟರಲ್ಲಿ ಒಂದು ಜೋಡಿಯ ಎಳೆ ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಬರಹ ಮುರಿದು ಕಾಣುತ್ತದೆ. ನಯವಾದ ಎಳೆಯಾದರೆ ನಾಲ್ಕು ಸಲ ಅಚ್ಚಾಗುವಷ್ಟರಲ್ಲಿ ಸವೆದು ಹೋಗುತ್ತದೆ.

ಎಕ್ಸ್‌ಕೊಫೋನ್ ಮಾಡಿದ್ದೇನು? ಪ್ರತಿ ಚಿಕ್ಕಕ್ಷರವೂ ತನ್ನ ಒಡಲಿನ ಅಂಚನ್ನು ದಾಟುವ ಜಾಗವನ್ನು ಗೊತ್ತುಮಾಡಿದ. ಅಲ್ಲಿ ಒಂದು ಗಟ್ಟಿ ಸೇತುವೆ. ಆ ಸೇತುವೆಯನ್ನು ಬಿಟ್ಟರೆ ಉಳಿದೆಡೆ ಅಕ್ಷರಕ್ಕೆ ಪೂರ್ಣ ಸ್ವಾತಂತ್ರ್ಯ. ಒಂದು ಅಡಿಗೆರೆಯ ಕೆಳಗೆ ಜಾರುತ್ತದೆ, ಒಂದು ಮೇಲಕ್ಕೆ ನೆಗೆಯುತ್ತದೆ. ಒಂದರ ಅಂಚು ಒಣಗಿದ ಕುಂಚ ಎಳೆದಂತೆ ಒರಟು. ಶಿಸ್ತು ಇರಬೇಕಾದಲ್ಲಿ ಮಾತ್ರ ಶಿಸ್ತು ಇಟ್ಟು, ಉಳಿದೆಡೆ ಅದನ್ನು ಮರೆಮಾಡಿದ. ಓದುವವನ ಕಣ್ಣಿಗೆ ಗಾಳಿ ಬೀಸಿದಂತೆ ಕಾಣುವುದು ಕೊರೆದವನ ಲೆಕ್ಕಕ್ಕೆ ಕೂದಲೆಳೆಯ ಗಣಿತ.

ಅಕ್ಷರ ಊರೂರಿಗೆ ಹಬ್ಬಿತು. ಕ್ಷೌರದಂಗಡಿ, ಹೂವಿನಂಗಡಿ, ಊಟದ ಮನೆ, ಎಲ್ಲಕ್ಕೂ ಮಿಸ್ತ್ರಾಲ್ ಫಲಕ. ಎಕ್ಸ್‌ಕೊಫೋನ್ ೧೯೫೫ರಲ್ಲಿ ‘ಶಾಕ್’, ೧೯೫೬ರಲ್ಲಿ ‘ದಿಯಾನ್’, ೧೯೫೮ರಲ್ಲಿ ‘ಕ್ಯಾಲಿಪ್ಸೊ’ ಎಂದು ಒಂದರ ಹಿಂದೊಂದು ಅಕ್ಷರ ಮಾಡಿದ. ಏರ್ ಫ್ರಾನ್ಸ್ ವಿಮಾನ ಸಂಸ್ಥೆಯ ಹೆಸರನ್ನು ಬರೆದ ಅಕ್ಷರವೂ ಅವನದೇ. ಆದರೆ ಸೀಸದ ಕಾಲ ಮುಗಿಯುತ್ತಿತ್ತು. ೧೯೭೦ರ ದಶಕ ಕಳೆಯುವುದರೊಳಗೆ ಒಲಿವ್ ಎರಕದ ಮನೆಯ ಸ್ವಂತ ಬಾಳು ಕೊನೆಗೊಂಡಿತು. ಎಕ್ಸ್‌ಕೊಫೋನ್ ೧೯೮೩ರಲ್ಲಿ ತೀರಿಕೊಂಡ. ಅವನ ಕೈಬರಹ ಮಾತ್ರ ತೀರಿಕೊಳ್ಳಲಿಲ್ಲ. ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗೆ ಹೋಯಿತು, ಕಂಪ್ಯೂಟರಿಗೆ ಹೋಯಿತು; ೨೦೧೧ರ ‘ಡ್ರೈವ್’ ಎಂಬ ಅಮೆರಿಕನ್ ಚಲನಚಿತ್ರದ ಶೀರ್ಷಿಕೆಯಲ್ಲಿ ಗುಲಾಬಿ ಬಣ್ಣ ಬಳಿದುಕೊಂಡು ಬೆಳಗಿತು. ನಮ್ಮ ಬಡಾವಣೆಯ ಬ್ಯೂಟಿ ಪಾರ್ಲರಿನ ಇಂಗ್ಲಿಷ್ ಹೆಸರನ್ನು ನೋಡಿ ಬಂದೆ, ಅದೂ ಮಿಸ್ತ್ರಾಲ್. ಮಾರ್ಸೇಯವನೊಬ್ಬನ ಕೈ ಸತ್ತ ಮೇಲೂ ನಮ್ಮ ಬೀದಿಯಲ್ಲಿ ಬರೆಯುತ್ತಲೇ ಇದೆ!

ಇಂಥ ಸಲಿಗೆ ಎಲ್ಲಿಯಾದರೂ ಸಲ್ಲುತ್ತದೆಯೇ ಎಂದರೆ ಇಲ್ಲ. ೧೯೯೪ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿನ್ಸೆಂಟ್ ಕೊನೇರ್, ಕಾರ್ಟೂನು ನಾಯಿಯೊಂದು ಪತ್ರಿಕೆಯ ಗಂಭೀರ ಅಕ್ಷರದಲ್ಲಿ ಮಾತಾಡುವುದು ಸರಿ ಕಾಣದೆ, ಚಿತ್ರಕಥೆಗಳ ಕೈಬರಹ ನೋಡಿ ‘ಕಾಮಿಕ್ ಸ್ಯಾನ್ಸ್’ ಮಾಡಿದ. ಮಕ್ಕಳಾಟಕ್ಕೆಂದು ಹುಟ್ಟಿದ್ದು ಶ್ರದ್ಧಾಂಜಲಿಯಿಂದ ಹಿಡಿದು ಎಚ್ಚರಿಕೆಯ ಫಲಕದವರೆಗೆ ಎಲ್ಲೆಡೆ ಕೂತಿತು. ೨೦೧೨ರ ಜುಲೈ ೪ರಂದು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಕಣದ ಕುರುಹು ಸಿಕ್ಕಿತೆಂದು ಲೋಕಕ್ಕೆ ಸಾರಿದಾಗ, ವಿಜ್ಞಾನಿ ಫಬಿಯೋಲ ಜಿಯಾನೊಟ್ಟಿ ತೋರಿಸಿದ ಪುಟಗಳು ಅದೇ ಅಕ್ಷರದಲ್ಲಿದ್ದವು. ಕಣದಷ್ಟೇ ಚರ್ಚೆ ಅಕ್ಷರದ ಮೇಲೂ ನಡೆಯಿತು. ಮದುವೆಯ ಮನೆಗೆ ಒಪ್ಪುವ ನಗೆ ಮಸಣದಲ್ಲಿ ಒಪ್ಪುವುದಿಲ್ಲವೆಂಬ ಲೋಕಜ್ಞಾನ ಅಕ್ಷರಗಳಿಗೂ ಅನ್ವಯಿಸುತ್ತದೆ.

ಇನ್ನು ನಮ್ಮ ಕನ್ನಡದ ಮಾತು. ನಮ್ಮಲ್ಲಿ ಕೈಬರಹಕ್ಕೆ ಬೆಲೆ ಕಡಿಮೆಯೇನಿರಲಿಲ್ಲ. ‘ಮುತ್ತು ಪೋಣಿಸಿದ ಹಾಗೆ’ ಎಂದು ಹೊಗಳಿದೆವು, ‘ಕಾಗೆ ಕಾಲು ಗುಬ್ಬಿ ಕಾಲು’ ಎಂದು ಜರೆದೆವು. ಓಲೆಗರಿಯ ಮೇಲೆ ಕಂಠ ಆಡಿಸಿದ ದುಂಡಕ್ಷರ ಒಂದು ಕಡೆ, ಲೆಕ್ಕಪತ್ರಗಳ ಮೋಡಿ ಬರಹ ಇನ್ನೊಂದು ಕಡೆ. ಕನ್ನಡದ ಮೊದಲ ವೃತ್ತಪತ್ರಿಕೆಯೇ ಒಂದು ರೀತಿಯಲ್ಲಿ ಕೈಬರಹ. ೧೮೪೩ರ ಜುಲೈ ಒಂದರಂದು ಹರ್ಮನ್ ಮೊಗ್ಲಿಂಗರು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಮೊಳೆಗಳ ಹಂಗಿಲ್ಲ. ಬರೆದ ಅಕ್ಷರವೇ ಕಲ್ಲಿಗಿಳಿದು ಕಾಗದದ ಮೇಲೆ ಮೂಡುತ್ತದೆ. ಸೀಸದ ಮೊಳೆಗಳ ಕನ್ನಡ ಅದಕ್ಕೂ ಮೊದಲೇ, ೧೮೧೭ರಲ್ಲಿ, ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣದಲ್ಲಿ ಕಾಣಿಸಿಕೊಂಡಿತ್ತು.

ಆದರೆ ಮಿಸ್ತ್ರಾಲಿನಂಥದು ಸೀಸದ ಕಾಲದ ಕನ್ನಡದಲ್ಲಿ ಸುಲಭವಾಗಿರಲಿಲ್ಲ. ಇಪ್ಪತ್ತಾರು ಅಕ್ಷರದ ಸೇತುವೆ ಕಟ್ಟುವುದಕ್ಕೇ ಅವರು ಅಷ್ಟು ಬೆವರಿದರೆ, ನಮ್ಮ ಮೂವತ್ತನಾಲ್ಕು ವ್ಯಂಜನ, ಅವುಗಳ ಗುಣಿತ, ಕೆಳಗೆ ತೂಗುವ ಒತ್ತು, ಪಕ್ಕಕ್ಕೆ ಚಾಚುವ ದೀರ್ಘ, ಇವಕ್ಕೆಲ್ಲ ಮೊಳೆ ಎರೆಯಿಸಬೇಕು. ಪುಸ್ತಕದ ಅಕ್ಷರಕ್ಕೇ ಕಾಂಪೋಜಿಟರನ ಮುಂದೆ ನೂರಾರು ಖಾನೆಗಳು. ಶೀರ್ಷಿಕೆಯ ಚಂದಕ್ಕಾಗಿ ಇನ್ನೊಂದು ಸಂಸಾರ ಸಾಕುವ ಶಕ್ತಿ ಯಾರಿಗಿತ್ತು? ಆದ್ದರಿಂದ ಕಾದಂಬರಿಯ ಮುಖಪುಟ, ವಾರಪತ್ರಿಕೆಯ ಕಥೆಯ ತಲೆಬರಹ, ಸಿನೆಮಾದ ಹೆಸರು ಎಲ್ಲವನ್ನೂ ಚಿತ್ರಕಾರರು ಕೈಯಲ್ಲಿ ಬರೆದು ಬ್ಲಾಕು ಮಾಡಿಸುತ್ತಿದ್ದರು. ಬಡತನ ನಮ್ಮ ಶೀರ್ಷಿಕೆಗಳನ್ನು ಬಹುಕಾಲ ಮನುಷ್ಯನ ಕೈಯಲ್ಲೇ ಉಳಿಸಿತು. ಪ್ರತಿ ಕಥೆಗೂ ಬೇರೆ ಅಕ್ಷರ, ಪ್ರತಿ ಸಿನೆಮಾಕ್ಕೂ ಬೇರೆ ಬಳುಕು.

ಈಗ ಆ ತೊಡಕು ಹೋಗಿದೆ. ಒಂದೇ ಅಕ್ಷರದ ಹಲವು ರೂಪಗಳನ್ನಿಟ್ಟುಕೊಂಡು ನೆರೆಹೊರೆ ನೋಡಿ ಬದಲಾಯಿಸುವ ಸಾಮರ್ಥ್ಯ ಕಂಪ್ಯೂಟರಿನ ಅಕ್ಷರಕ್ಕೆ ಬಂದಿದೆ. ಗುಟೆನ್‌ಬರ್ಗನ ೨೯೦ ಮೊಳೆಗಳ ಹಂಬಲ ಐದೂವರೆ ಶತಮಾನದ ಮೇಲೆ ಕೈಗೂಡಿದಂತೆ. ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುವುದೂ ಇದೇ ಸಾಮರ್ಥ್ಯದಿಂದ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಸೇರಿ ರೂಪಿಸಿದ ‘ಅಕಾಯ ಕನಡಕ’ದಂಥ ಶೀರ್ಷಿಕೆಯ ಅಕ್ಷರ ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಸಿಗುತ್ತದೆ. ಲಗ್ನಪತ್ರಿಕೆಯ ಅಂಗಡಿಯವನ ಬಳಿಯಂತೂ ಕೈಬರಹದ ಕನ್ನಡ ಹಲವು ಬಗೆ. ನನ್ನ ಗೆಳೆಯ ಅದರಲ್ಲೊಂದನ್ನು ಆರಿಸಿಕೊಂಡ, ಅಷ್ಟೆ.

ಇಷ್ಟು ತಿಳಿದ ಮೇಲೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಮೈಸೂರಿನ ಪೇಟೆಬೀದಿಯೊಂದರಲ್ಲಿ ನಾನು ಹುಡುಗನಾಗಿದ್ದಾಗಿನಿಂದ ಬೋರ್ಡು ಬರೆಯುತ್ತಿದ್ದವರೊಬ್ಬರಿದ್ದರು. ಎಲ್ಲರೂ ಅವರನ್ನು ಆರ್ಟಿಸ್ಟರೆಂದೇ ಕರೆಯುತ್ತಿದ್ದೆವು. ನೂಲಿಗೆ ಸೀಮೆಸುಣ್ಣ ಹಚ್ಚಿ ತಗಡಿನ ಮೇಲೆ ಗೆರೆ ಹೊಡೆದು, ಕೋಲೊಂದನ್ನು ಕೈಗೆ ಆಸರೆಯಾಗಿಟ್ಟುಕೊಂಡು, ಉಸಿರು ಬಿಗಿಹಿಡಿದು ಅವರು ‘ಶ್ರೀ’ ಎಳೆಯುವುದನ್ನು ನೋಡಲು ಶಾಲೆಗೆ ತಡವಾಗಿ ಹೋಗಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ನಿಂತಿತು. ಕೈಬರಹದ ಸೋಗು ಹಾಕುವ ಅಕ್ಷರಗಳು ನಿಜವಾದ ಕೈಯ ಅನ್ನ ಕಸಿದವು ಎಂದು ನನಗೆ ನಿಶ್ಚಯವಾಗಿತ್ತು. ಕಳೆದ ವಾರ ಹುಡುಕಿಕೊಂಡು ಅವರ ಮನೆಗೆ ಹೋದೆ.

ಮಿಸ್ತ್ರಾಲಿನ ಮಾದರಿಯನ್ನು ಮುಂದಿಟ್ಟು, ‘ಆರ್ಟಿಸ್ಟರೇ, ಇದನ್ನು ನೋಡಿದ್ದೀರಾ?’ ಎಂದೆ. ಅವರು ನಕ್ಕು ಒಳಗಿನಿಂದ ಎಣ್ಣೆ ಹಿಡಿದ ರಟ್ಟಿನ ಪುಸ್ತಕವೊಂದನ್ನು ತಂದರು. ಇಂಗ್ಲಿಷ್ ಅಕ್ಷರಗಳ ಮಾದರಿಗಳನ್ನು ಕತ್ತರಿಸಿ ಅಂಟಿಸಿದ ಪುಸ್ತಕ. ಮಧ್ಯದಲ್ಲಿ ಮಿಸ್ತ್ರಾಲ್! ‘ಟೈಲರ್ ಅಂಗಡಿಗೆಲ್ಲ ಇದನ್ನೇ ಬರೀತಿದ್ದೆ ಸ್ವಾಮಿ. ಹೆಸರು ಗೊತ್ತಿರಲಿಲ್ಲ. ಅಕ್ಷರ ಒಳ್ಳೇ ಲಯ’ ಎಂದರು.

ನಾನು ಸುಮ್ಮನಾದೆ. ಮಾರ್ಸೇಯ ಚಿತ್ರಕಾರನ ಕೈ ಸೀಸವಾಯಿತು, ಸೀಸ ಕಾಗದವಾಯಿತು, ಕಾಗದ ಮೈಸೂರಿನ ಕುಂಚದಲ್ಲಿ ಮತ್ತೆ ಕೈಯಾಯಿತು. ಯಾರದನ್ನು ಯಾರು ಕದ್ದರು? ಕಸಿದುಕೊಂಡಿದ್ದು ಅಕ್ಷರವಲ್ಲ, ಅಗ್ಗ, ಅವಸರ, ರಾತ್ರಿ ಹೇಳಿ ಬೆಳಗ್ಗೆ ಪಡೆಯಬೇಕೆಂಬ ನಮ್ಮದೇ ಚಪಲ. ಬೋರ್ಡಿಗೆ ಕೊಡುತ್ತಿದ್ದ ನಾಲ್ಕು ದಿನವನ್ನು ಕೊಡಲು ನಾವು ಒಲ್ಲೆವೆಂದೆವು. ಆ ದೂರನ್ನು ಎಕ್ಸ್‌ಕೊಫೋನನ ಮೇಲೆ ಹೊರಿಸುವುದು ನ್ಯಾಯವಲ್ಲ.

ಲಗ್ನಪತ್ರಿಕೆಯನ್ನೂ ತೋರಿಸಿದೆ. ಅವರು ಬೆರಳಿನಿಂದ ನಕಾರಗಳನ್ನು ತಡವಿ, ‘ಎರಡು ನ ಪಕ್ಕಪಕ್ಕ ಬಂದರೆ ನಾನು ಎರಡನೇದಕ್ಕೆ ಸ್ವಲ್ಪ ಹೊಟ್ಟೆ ಬಿಡ್ತಿದ್ದೆ. ಇಲ್ಲದಿದ್ದರೆ ಅವಳಿ ಮಕ್ಕಳ ಹಾಗೆ ಕಾಣ್ತವೆ. ಇವರು ಬಿಟ್ಟಿಲ್ಲ’ ಎಂದಷ್ಟೇ ಹೇಳಿದರು. ದೂರಿರಲಿಲ್ಲ ಆ ಮಾತಿನಲ್ಲಿ. ಕಸುಬಿನವನು ಕಸುಬನ್ನು ನೋಡುವ ನೋಟವಿತ್ತು.

ಮನೆಗೆ ಬಂದು ಗೆಳೆಯನಿಗೆ ಒಂದು ಕಾರ್ಡು ಬರೆದೆ. ಮದುವೆಗೆ ಬರುತ್ತೇನೆಂದು ಎರಡೇ ಸಾಲು. ಕೈ ಈಗ ಸ್ವಲ್ಪ ನಡುಗುತ್ತದೆ. ಕಾಗೆ ಕಾಲು ಗುಬ್ಬಿ ಕಾಲು. ಮೂರು ನಕಾರ ಮೂರು ಥರ ಬಿದ್ದಿದ್ದವು. ಹಾಗೆಯೇ ಅಂಚೆಗೆ ಹಾಕಿದೆ.